ಚಂಪಾಗೆ ಹೊಸ ಹೆಸರಿಟ್ಟದ್ದು

ಪ್ರಲ್ಹಾದರಾಯರು ಅಂದು ಮಡಿಯ ರೇಷ್ಮೆ ಮಗುಟ ಉಟ್ಟು, ಪಡಸಾಲೆಯ ನಡುವೆ ನಿಂತು, ಗಂಟಲು ಸರಿಮಾಡಿಕೊಂಡು ಸಾರಿದರು. "ಇವತ್ತಿನಿಂದ ಚಂಪಾ ಇಲ್ಲ. ಇನ್ನು ಮ್ಯಾಲ ಇದರ ಹೆಸರು ಕ್ಷ!"

ನೆರೆದ ಮಂದಿ ಮುಖ ಮುಖ ನೋಡಿಕೊಂಡರು. ಅರಿಷಿಣ ಕುಂಕುಮದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ರಾಯರ ಹೆಂಡತಿ ಸುಲೋಚನಾಬಾಯಿ ಮಾತ್ರ ಒಳಗೆ ಇಟ್ಟ ಹೆಜ್ಜೆಯನ್ನು ಹಿಂದೆ ತೆಗೆದರು.

ಚಂಪಾ ಎಂದರೆ ಗದುಗಿನಲ್ಲಿ ಗೊತ್ತಿಲ್ಲದವರು ಯಾರು? ರಾಯರೇ ಕಟ್ಟಿದ ಯಂತ್ರ ಅದು. ತಾಯಿಯಂತ್ರ ಅವರ ಪಡಸಾಲೆಯಲ್ಲಿ, ಅವಲಕ್ಕಿ ಡಬ್ಬಿಯಷ್ಟು ದೊಡ್ಡ ಮರಿಪೆಟ್ಟಿಗೆ ಊರಿನ ಮನೆಮನೆಯಲ್ಲಿ. "ಚಂಪಾ" ಎಂದು ಕರೆದು ಏನು ಹೇಳಿದರೂ ಸರಿ, ಎಲ್ಲ ಪೆಟ್ಟಿಗೆಗಳೂ ಸೇರಿ ಊರಿಗೆಲ್ಲ ಅದನ್ನು ಒದರುತ್ತಿದ್ದವು. ನಳದಲ್ಲಿ ನೀರು ಬಂದದ್ದು, ಬದನೆಕಾಯಿ ಅಗ್ಗವಾದದ್ದು, ಯಾರದೋ ಎಮ್ಮೆ ಈದದ್ದು, ಯಾರದೋ ನಿಶ್ಚಯ ಮುರಿದದ್ದು, ಎಲ್ಲ ಚಂಪಾಳ ಬಾಯಿಂದಲೇ ತಿಳಿಯಬೇಕು. ಚಂಪಾ ಹೇಳದ ಸುದ್ದಿಯನ್ನು ಊರು ನಂಬುತ್ತಲೂ ಇರಲಿಲ್ಲ.

ಆ ಹೆಸರು ಸುಲೋಚನಾಬಾಯಿಯ ತವರಿನ ಹೆಸರು. ಮದುವೆಯ ದಿನ ತಾಟಿನ ಅಕ್ಕಿಯ ಮೇಲೆ ಉಂಗುರದಿಂದ ಸುಲೋಚನಾ ಎಂದು ಬರೆಸಿ, ಅತ್ತೆಮನೆಯವರು ಚಂಪಾಳನ್ನು ಅಳಿಸಿಹಾಕಿದ್ದರು. ರೂಢಿ ಅದು, ಯಾರೂ ತಪ್ಪು ತಿಳಿಯಲಿಲ್ಲ. ಹಳೆಯ ಹೆಸರು ಹಿಡಿದು ಕರೆಯುತ್ತಿದ್ದ ತಾಯಿ, ಅಣ್ಣ ಇಬ್ಬರೂ ಈಗಿಲ್ಲ. ರಾಯರಂತೂ ಯಾವ ಹೆಸರನ್ನೂ ಹಿಡಿಯದೆ "ಏ, ಇಲ್ಲಿ ಕೇಳು" ಎನ್ನುತ್ತಲೇ ಸಂಸಾರ ಸಾಗಿಸಿದ ಪುಣ್ಯಾತ್ಮರು. ಯಂತ್ರಕ್ಕೆ ಅವರು ಆ ಹೆಸರಿಟ್ಟಾಗ ಸುಲೋಚನಾಬಾಯಿ ಏನೂ ಅನ್ನಲಿಲ್ಲ. ಆದರೆ ಬೆಳಗಾದರೆ ಓಣಿಯ ತುಂಬ "ಚಂಪಾ, ಏ ಚಂಪಾ" ಎಂಬ ಕೂಗು ಕೇಳುತ್ತ ಚಹಾಕ್ಕೆ ನೀರಿಡುವುದೆಂದರೆ ಅವರಿಗೆ ತವರಿಗೆ ಹೋಗಿ ಬಂದಷ್ಟು ಹಿತವಾಗುತ್ತಿತ್ತು.

ಈಗ ಹುಬ್ಬಳ್ಳಿಯಿಂದ ಒಬ್ಬ ಹೆಸರಿನ ತಜ್ಞ ಬಂದು, ಚಂಪಾ ಅಜ್ಜಿಯರ ಕಾಲದ ಹೆಸರು, ಮುಂದಿನ ಕಾಲಕ್ಕೆ ಒಂದೇ ಅಕ್ಷರ ಸಾಕು, ಅದಕ್ಕೆ ಅರ್ಥವಂತೂ ಇರಲೇಬಾರದು ಎಂದು ರಾಯರ ತಲೆ ತಿಂದು ಹೋಗಿದ್ದ. ಕರೆದರೆ ಸೀನಿದಂತಾಗುತ್ತದಲ್ಲ ಎಂದು ನೆರೆಮನೆಯ ನೀಲವ್ವ ಅಂದದ್ದನ್ನು ರಾಯರು ಕಿವಿಗೆ ಹಾಕಿಕೊಳ್ಳಲಿಲ್ಲ.

ರಾಯರು ಹೆಸರು ಬದಲಿಸುವ ಗುಂಡಿ ಒತ್ತಿದರು. ಯಂತ್ರ ಜಪ್ಪಯ್ಯ ಅನ್ನಲಿಲ್ಲ. ಮತ್ತೊಮ್ಮೆ ಒತ್ತಿದರೆ, ಹಾಗೆಲ್ಲ ಸುಮ್ಮನೆ ಹೆಸರು ಬದಲಾಗುವುದಿಲ್ಲ, ರೀತಿ ರಿವಾಜು ಬೇಡವೇ ಎಂದು ಗದರಿತು. ಊರಿನವರ ಮಾತು ಕೇಳಿಯೇ ಬುದ್ಧಿ ಕಲಿತ ಯಂತ್ರ, ಇನ್ನೇನು ಅಂದೀತು! ರಾಯರು ಹಿಡಿದ ಪಟ್ಟು ಬಿಡುವವರಲ್ಲ. ಅಟ್ಟದಿಂದ ತೊಟ್ಟಿಲು ಇಳಿಸಿದರು, ನಾಲ್ಕು ಜನ ಸೇರಿ ಯಂತ್ರವನ್ನು ಅದರಲ್ಲಿ ಮಲಗಿಸಿದರು. ಹೆಂಗಸರು ಜೋಗುಳ ಹಾಡಿದರು. ಸೋದರತ್ತೆ ಮಾಡಬೇಕಾದ ಕೆಲಸವನ್ನು ರಾಯರೇ ಕೈಗೆತ್ತಿಕೊಂಡು, ಬಗ್ಗಿ, ಯಂತ್ರದ ಕಿವಿಯಲ್ಲಿ "ಕುರ್ರ್... ಕ್ಷ" ಎಂದರು. ಹೆಸರಿಟ್ಟವರ ಬೆನ್ನಿಗೆ ಗುದ್ದುವುದೂ ಶಾಸ್ತ್ರವೇ ಆದ್ದರಿಂದ ನೀಲವ್ವ ಮನಸಾರೆ ಗುದ್ದಿದಳು.

ಯಂತ್ರದ ದೀಪಗಳೆಲ್ಲ ಆರಿದವು. ಆಮೇಲೆ ಕಿಟಾರನೆ ಅಳತೊಡಗಿತು.

ಊರಿನಲ್ಲಿ ಹುಟ್ಟಿದ ಪ್ರತಿ ಕೂಸಿನ ನಾಮಕರಣವನ್ನೂ ಕೇಳಿದ ಯಂತ್ರ ಅದು. ಕಿವಿಯಲ್ಲಿ ಕುರ್ರ್ ಅನ್ನಿಸಿಕೊಂಡವರೆಲ್ಲ ಹಸುಗೂಸುಗಳು ಎಂದು ಅದರ ಲೆಕ್ಕ. ತಾನೂ ಹಸುಗೂಸೇ ಎಂದು ತೀರ್ಮಾನಿಸಿ ಕಲಿತದ್ದನ್ನೆಲ್ಲ ಮರೆತುಬಿಟ್ಟಿತು. ಅದರೊಂದಿಗೆ ಊರಿನ ಅಷ್ಟೂ ಪೆಟ್ಟಿಗೆಗಳು ಹೋ ಎಂದು ಅತ್ತವು. ಕಟಿಂಗ್ ಅಂಗಡಿಯವನು ಅರ್ಧ ಗಡ್ಡದ ಗಿರಾಕಿಯನ್ನು ಬಿಟ್ಟು ಪೆಟ್ಟಿಗೆ ತಟ್ಟುತ್ತ ಕೂತ. ಠಾಣೆಯಲ್ಲಿ ಹವಾಲ್ದಾರರು ಅದನ್ನು ತೊಡೆಯ ಮೇಲೆ ಹಾಕಿಕೊಂಡು ಆಡಿಸಿದರು. ಹಲವು ಅಜ್ಜಿಯರು ಬಜೆ ತೇದು ತಂದರು, ದೃಷ್ಟಿ ತೆಗೆದರು. "ಕ್ಷ, ಕ್ಷ" ಎಂದು ರಮಿಸಿದಷ್ಟೂ ಅಳು ಜೋರಾಯಿತು. ಊರೆಲ್ಲ ರಾಯರ ಬಾಗಿಲಿಗೆ ಬಂತು.

ರಾಯರು ಬೆವರು ಒರೆಸಿಕೊಳ್ಳುತ್ತ ಹೆಂಡತಿಯ ಕಡೆ ತಿರುಗಿದರು. "ಏ, ಇಲ್ಲಿ ಕೇಳು. ಏನರ ಮಾಡು."

ಸುಲೋಚನಾಬಾಯಿ ತಟ್ಟೆ ಕೆಳಗಿಟ್ಟರು. ಇಷ್ಟು ವರ್ಷ ನುಂಗಿದ್ದು ಊರಿನ ಮುಂದೆಯೇ ಹೊರಬಿತ್ತು. "ಮದುವ್ಯಾಗ ಒಮ್ಮೆ ನನ್ನ ಹೆಸರು ಕಸಗೊಂಡ್ರಿ, ಸುಮ್ಮನಿದ್ದೆ. ಊರಾಗ ಒಂದು ಪೆಟ್ಟಿಗ್ಯಾದ್ರೂ ಆ ಹೆಸರಿಗೆ ಓ ಅಂತಿತ್ತು. ಅದನ್ನೂ ಕಸಗೊಂಡ್ರೆಲ್ರೀ."

ಪಾಪ, ರಾಯರಿಗೆ ಹೀಗೂ ಇರಬಹುದೆಂದು ಹೊಳೆದಿರಲೇ ಇಲ್ಲ. ಸುಲೋಚನಾಬಾಯಿ ಮಾತ್ರ ನಿಲ್ಲದೆ ತೊಟ್ಟಿಲಿಗೆ ಬಗ್ಗಿದರು, "ಕುರ್ರ್... ಚಂಪಾ" ಎಂದರು. ಅಳು ಗಕ್ಕನೆ ನಿಂತಿತು. ಯಂತ್ರ ಮಧ್ಯಾಹ್ನಕ್ಕೆ ತೊದಲಿತು, ಚಹಾದ ಹೊತ್ತಿಗೆ ಕಂಡದ್ದಕ್ಕೆಲ್ಲ ಯಾಕೆ ಯಾಕೆ ಎಂದು ಪೀಡಿಸಿತು, ದೀಪ ಹಚ್ಚುವ ಹೊತ್ತಿಗೆ ಬೆಳೆದು ದೊಡ್ಡದಾಗಿ ಮೊದಲಿನ ಹಾಗೆ ಚಾಡಿ ಹೇಳತೊಡಗಿತು. ಮಂದಿ ನಿಟ್ಟುಸಿರು ಬಿಟ್ಟು ಮನೆಗೆ ಹೋದರು.

ಪಡಸಾಲೆ ಖಾಲಿಯಾದ ಮೇಲೆ ರಾಯರು ಅಡುಗೆಮನೆಯ ಹೊಸ್ತಿಲ ಮೇಲೆ ಬಂದು ನಿಂತರು. ಸಂಸಾರದಲ್ಲಿ ಮೊದಲ ಸಲ ಹೆಂಡತಿಯನ್ನು ಹೆಸರು ಹಿಡಿದು ಕರೆದರು.

"ಚಂಪಾ, ನಂದು ತಪ್ಪಾತು. ನೀ ಇಲ್ಲದ ನನಗ ಏನೂ ನಡಿಯೂದಿಲ್ಲ."

"ಆತ್ರಿ, ಊರಿಗೆಲ್ಲ ಹೇಳ್ತೇನಿ" ಎಂದಿತು ಪಡಸಾಲೆಯ ಯಂತ್ರ. ಮರುಕ್ಷಣ ಓಣಿಯ ಈ ತುದಿಯಿಂದ ಆ ತುದಿಗೆ, ಕಟಿಂಗ್ ಅಂಗಡಿಯಿಂದ ಠಾಣೆಯವರೆಗೆ, ಪ್ರಲ್ಹಾದರಾಯರದು ತಪ್ಪಾಯಿತೆಂದು, ಹೆಂಡತಿ ಇಲ್ಲದೆ ಅವರಿಗೆ ಏನೂ ನಡೆಯುವುದಿಲ್ಲವೆಂದು ಇಡೀ ಗದುಗಿಗೆ ಡಂಗುರವಾಯಿತು. ನೀಲವ್ವನ ಮನೆಯಿಂದ ನಗೆ ಕೇಳಿಸಿತು. ರಾಯರು ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕುಸಿದರು.

ಸುಲೋಚನಾಬಾಯಿ ಸಾರಿಗೆ ಒಗ್ಗರಣೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಅವರ ಕಡೆ ತಿರುಗಿದರು.

"ಒಗ್ಗರಣಿ ಸಪ್ಪಳದಾಗ ನನಗ ಕೇಳಸ್ಲಿಲ್ಲ ನೋಡ್ರಿ. ಇನ್ನೊಮ್ಮೆ ಹೇಳ್ರಿ."