ಚಂಪಾಬಾಯಿಯವರ ಕಾಮೆಂಟಿನ ಮೇಲೆ ಸ್ವಾಮಿರಾಯರ ದಂಡಯಾತ್ರೆ

ವಿಘ್ನನಿವಾರಕನಾದ ಗಜವದನನಿಗೆ ಮೊದಲು ವಂದನೆ. ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಿ, ಪುಕ್ಕಟೆಯಾಗಿಯೇ ತಿದ್ದಬಹುದಾದ ಮುಕ್ತ ತಂತ್ರಾಂಶಗಳು ಧರೆಯನ್ನಾಳುತ್ತಿದ್ದ ಕಲಿಯುಗದ ಪುಣ್ಯಕಾಲದಲ್ಲಿ, ಧಾರವಾಡವೆಂಬ ಪುರದಲ್ಲಿ, ಮುದ್ರಣದೋಷಮರ್ದನ, ಕೆಂಪುಮಸಿಪ್ರಚಂಡ, ಅಲ್ಪವಿರಾಮಪರಿಪಾಲಕ ಸ್ವಾಮಿರಾಯ ಕೊಪ್ಪರರು ಬಾಳುತ್ತಿದ್ದರು.

ಮೂವತ್ತೆಂಟು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದ ಈ ಮಹಾವೀರರಿಗೆ ನಿವೃತ್ತಿಯ ನಂತರ ತಿದ್ದಲು ಉಳಿದದ್ದು ಹೆಂಡತಿಯ ಕಿರಾಣಿ ಚೀಟಿ ಮಾತ್ರ. ಆಕೆ, ಗಣಿತದ ಶಿಕ್ಷಕಿ ಚಂಪಾಬಾಯಿ, ಹಳೆಯ ಶಿಷ್ಯೆ ಶಾಂಭವಿ ಹೂಗಾರಳೊಂದಿಗೆ ಪಂಚಾಂಗದ ತಂತ್ರಾಂಶವೊಂದನ್ನು ಬರೆದು, ಹೋದ ಶ್ರಾವಣದಲ್ಲಿ ಹರಿಪಾದ ಸೇರಿದರು. ಚೀಟಿಯೂ ನಿಂತಿತು. ಶಾಂಭವಿ ಕನಿಕರಪಟ್ಟು, ತಂತ್ರಾಂಶದ ಕಾಮೆಂಟುಗಳ ಕನ್ನಡವನ್ನು ತಿದ್ದುವ ಸೇನಾಧಿಪತ್ಯವನ್ನು ರಾಯರಿಗೆ ಕೊಟ್ಟಳು. ಕಾಮೆಂಟೆಂದರೆ, ಮುಂದೆ ಕೈಹಾಕುವ ಮನುಷ್ಯರಿಗಾಗಿ ಬರೆದಿಡುವ, ಯಂತ್ರವು ಕಣ್ಣೆತ್ತಿಯೂ ನೋಡದ ಟಿಪ್ಪಣಿ. ಇಂಥ ಶತ್ರುವೇ ರಾಯರಿಗೆ ಬೇಕಾಗಿತ್ತು.

ಇನ್ನೂರ ಹನ್ನೊಂದು ಕಾಮೆಂಟುಗಳು ಅವರ ಲೇಖನಿಗೆ ತಲೆಯೊಪ್ಪಿಸಿದವು. "ಇಲ್ಲಿ ಅಧಿಕಮಾಸ ನೋಡ್ಕೋಬೇಕು" ಎಂಬ ಬಡಪಾಯಿಯು "ಅಧಿಕಮಾಸವನ್ನು ಪರಿಶೀಲಿಸತಕ್ಕದ್ದು" ಎಂದು ಕಿರೀಟ ಧರಿಸಿತು. ಮುಂದಿನದರೆದುರು ರಥ ನಿಂತಿತು. ಅದು ಚಂಪಾಬಾಯಿಯವರದು:

"ಶ್ರಾದ್ಧಕ್ಕೆ ಬೆಳಗಿನ ತಿಥಿ ಹಿಡಿಯಬೇಡಿ, ಮಧ್ಯಾಹ್ನ ದಾಟಿದ ಮೇಲಿನದನ್ನು ಹಿಡಿಯಿರಿ. ಪಿತೃಗಳು ನಮ್ಮ ಮನೆಯವರ ಹಾಗೆ, ಊಟಕ್ಕೆ ತಡವಾಗಿಯೇ ಬರುತ್ತಾರೆ."

ರಾಯರು ಕನ್ನಡಕವನ್ನು ಒರೆಸಿಕೊಂಡು ಮತ್ತೊಮ್ಮೆ ಓದಿದರು. ಲೋಕವೆಲ್ಲ ಓದಬಲ್ಲ ಕಡೆ ತಮ್ಮ ಮಾನ ಹೀಗೆ ಬಿದ್ದಿತ್ತು. ಒಡನೆಯೇ ಅದನ್ನಳಿಸಿ, "ಶ್ರಾದ್ಧಕರ್ಮಕ್ಕೆ ಅಪರಾಹ್ನವ್ಯಾಪಿನಿಯಾದ ತಿಥಿಯೇ ಗ್ರಾಹ್ಯವು" ಎಂಬ ಮಹಾಸ್ತ್ರವನ್ನು ಕಳಿಸಿದರು. ಒಪ್ಪಿಗೆಯ ಮುದ್ರೆ ಶಾಂಭವಿಯ ಕೈಯಲ್ಲಿತ್ತು. ಆಕೆ ಒತ್ತಲಿಲ್ಲ. ಹದಿನೇಳು ದಿನ ಓಲೆಗಳು ಹಾರಾಡಿದವು. ಹದಿನೆಂಟನೆಯ ದಿನ ರಾಯರು ಫೋನೆತ್ತಿ ಗರ್ಜಿಸಿದರು.

"ಮೂವತ್ತೆಂಟ ವರ್ಷ ನನ್ನ ಕೈ ದಾಟಿ ಒಂದು ತಪ್ಪು ಅಕ್ಷರ ಹೋಗಿಲ್ಲ ನೋಡವ್ವಾ. ಸ್ವಾಮಿಗಳ ಪ್ರವಚನಾನೂ ತಿದ್ದೇನಿ. ಇದನ್ನ ಬಿಡ್ತೇನೇನು?"

"ತಪ್ಪು ಎಲ್ಲೈತ್ರಿ ರಾಯರ? ಹೋದ ತಿಂಗಳ ತಂತ್ರಾಂಶ ತಿದ್ದಾಕ ಬಂದ ಹೊಸಬ ಒಬ್ಬ ಹಬ್ಬಗಳಂಗ ಶ್ರಾದ್ಧಾನೂ ಬೆಳಗಿನ ತಿಥಿಗೆ ತಿರುಗಿಸಾಕ ಹೊಂಟಿದ್ದ. ನಮ್ಮ ಚಂಪಾಬಾಯಿ ಅಕ್ಕೋರು ಬರದದ್ದು ಓದಿ, ನಕ್ಕು, ಕೈ ಹಿಂದ ತಗೊಂಡ. ನಿಮ್ಮದಿದ್ದಿದ್ರ ಮಂತ್ರ ಅಂತ ಕೈಮುಗದು ತಿರುಗಿಸೇ ಬಿಡತಿದ್ದ."

"ಹೋಗ್ಲಿ, 'ನಮ್ಮ ಮನೆಯವರ ಹಾಗೆ' ಅನ್ನೂದನ್ನರ ತಗಿ. ನಾ ಯಾವಾಗ ತಡಾ ಮಾಡೇನಿ?"

ಶಾಂಭವಿ ದನಿ ತಗ್ಗಿಸಿದಳು.

"ರವಿವಾರ ಲೆಕ್ಕ ಕಲಿಯಾಕ ನಿಮ್ಮನಿಗೆ ಬರತಿದ್ವಿ ನಾವು. ಮೂರು ಹೊಡದ್ರೂ ಎರಡು ತಾಟು ಮುಚ್ಚೇ ಇರತಿದ್ವು ರಾಯರ."

ಮಹಾವೀರರು ತಮ್ಮ ತಿದ್ದುಪಡಿಯನ್ನು ತಾವೇ ಹಿಂದಕ್ಕೆ ಪಡೆದರು. ಯುದ್ಧದ ಫಲ ದಾಖಲಾಯಿತು: ಸೇರಿಸಿದ ಸಾಲು ಸೊನ್ನೆ, ತೆಗೆದ ಸಾಲು ಸೊನ್ನೆ.

ಶ್ರಾವಣ ಬಂತು. ಚಂಪಾಬಾಯಿಯವರ ಶ್ರಾದ್ಧಕ್ಕೆ ಆ ತಂತ್ರಾಂಶವೇ ತೋರಿಸಿದ ದಿನ, ಅಲ್ಪವಿರಾಮಪರಿಪಾಲಕರು ಹನ್ನೊಂದಕ್ಕೇ ಮಡಿಯುಟ್ಟು ಬಂದು ಕೂತರು. ಹೊಟ್ಟೆ ಗುರುಗುಟ್ಟುತ್ತಿತ್ತು.

"ಇನ್ನೂ ಭಾಳ ಹೊತ್ತದರಿ, ರಾಯರ," ಎಂದರು ಪುರೋಹಿತರು.

"ಗೊತ್ತದ," ಎಂದರು ರಾಯರು. "ಕಾಯತೇನಿ."