ಬೆನ್ನಿಗೆ ಬಿದ್ದ ಬ್ರೆಡ್ಡು

ಬೆಳಗಿನ ಕಾಫಿಯ ಹೊತ್ತಿಗೆ ಸೊಲಾಂಜಳ ದವಡೆಯಿಂದ 'ಕಟಕ್' ಎಂಬ ಸದ್ದು ಬಂತು. ಪೇಪರು ಓದುತ್ತಿದ್ದ ಗಂಡ ಒನೊರೆ ಕಾಸ್ಟಾನ್, ಕಪ್ಪೇನಾದರೂ ಒಡೆಯಿತೇ ಎಂದು ತಲೆಯೆತ್ತಿ ನೋಡಿದ. ಕಪ್ಪು ಗಟ್ಟಿಮುಟ್ಟಾಗಿಯೇ ಇತ್ತು. ಸೊಲಾಂಜ್ ಮಾತ್ರ ಒಂದು ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿದ್ದ ಬ್ರೆಡ್ಡಿನ ತುಂಡನ್ನು ಕೊಲೆಗಾರನನ್ನು ನೋಡುವ ಹಾಗೆ ನೋಡುತ್ತಿದ್ದಳು.

"ಹಲ್ಲು ಹೋಯ್ತು," ಎಂದಳು.

"ಯಾವ ಹಲ್ಲು?"

"ಗಟ್ಟಿಯಾಗಿದ್ದಿದ್ದು ಅದೊಂದೇ. ಅದೇ ಹೋಯ್ತು."

ಒನೊರೆ ಮತ್ತೆ ಪೇಪರಿಗೆ ತಲೆ ತಗ್ಗಿಸಿದ. ಪೂಯ್ಗಾರ್ ಊರಿನಲ್ಲಿ ಬ್ರೆಡ್ಡಿನ ಬಗ್ಗೆ ಯಾರೂ ಕೆಟ್ಟ ಮಾತಾಡುತ್ತಿರಲಿಲ್ಲ. ಗುಡ್ಡದ ನೆತ್ತಿಯ ಮೇಲೆ ಕೋಳಿಗಳಂತೆ ಮುದುರಿ ಕೂತ ಆ ಪುಟ್ಟ ಊರಿನಿಂದ ಮೊದಲು ಶಾಲೆ ಹೋಗಿತ್ತು, ಆಮೇಲೆ ಅಂಚೆ ಕಚೇರಿ, ಅದರ ಹಿಂದೆಯೇ ಮಾಂಸದಂಗಡಿ. ಕೊನೆಗೆ ಬೇಕರಿಯೂ ಮುಚ್ಚಿದಾಗ ಜನ ಸತ್ತ ಮನೆಯವರಂತೆ ಓಡಾಡಿದ್ದರು. ಮೇಯರಮ್ಮ ಕ್ಲೋಟಿಲ್ಡ್ ಎಲ್ಲೆಲ್ಲೋ ಹುಡುಕಿ, ಯಾರ್ಯಾರ ಕಾಲೋ ಹಿಡಿದು, ಬಾಸ್ಟಿಯಾಂ ಮಾರ್ಸೂ ಎಂಬ ಬೇಕರಿಯವನನ್ನು ಕರೆತಂದಿದ್ದಳು. ಮನುಷ್ಯ ಬಂಗಾರದಂಥವನು. ಅವನ ಬ್ರೆಡ್ಡು ಮಾತ್ರ ಗೋಡೆ ಕಟ್ಟುವುದಕ್ಕೆ ಹೇಳಿ ಮಾಡಿಸಿದ್ದು. ಆದರೂ ಇವನೂ ಬೇಜಾರು ಮಾಡಿಕೊಂಡು ಹೊರಟುಹೋದರೆ ಊರಿನ ಗತಿಯೇನು ಎಂಬ ಹೆದರಿಕೆಯಿಂದ, "ಆಹಾ, ಏನು ರುಚಿ" ಎನ್ನುತ್ತಲೇ ಇಡೀ ಊರು ದವಡೆ ಸವೆಸಿಕೊಂಡಿತ್ತು.

"ವೆರ್ನೂಲ್‌ಗೆ ಹೋಗಿ ಮೆತ್ತಗಿರೋ ಬ್ರೆಡ್ಡು ತಗೊಂಡ್ ಬಾ," ಎಂದಳು ಸೊಲಾಂಜ್.

ಒನೊರೆ ತಕ್ಷಣ ಕಿಟಕಿ ಮುಚ್ಚಿದ. "ಮೆಲ್ಲಗೆ ಮಾತಾಡು. ಯಾರಾದ್ರೂ ಕೇಳಿಸ್ಕೊಂಡ್ರೆ ಏನ್ ಕತೆ?"

"ಕೇಳಿಸ್ಕೊಳ್ಳಲಿ. ನಲವತ್ತು ವರ್ಷದಿಂದ ನಿನ್ನ ಜೊತೆ ಸಂಸಾರ ಮಾಡಿದೀನಿ, ಹಲ್ಲು ಮುರಿದಿರಲಿಲ್ಲ. ಆ ಬ್ರೆಡ್ಡು ಮುರೀತು."

ವೆರ್ನೂಲ್ ಎಂದರೆ ಗುಡ್ಡದ ಕೆಳಗೆ, ಹೊಳೆಯ ಆಚೆ ದಡದ ಊರು. ಇನ್ನೂರು ವರ್ಷಗಳ ಹಿಂದೆ, ಕ್ರಾಂತಿಯ ಕಾಲದಲ್ಲಿ ಚರ್ಚುಗಳ ಗಂಟೆಗಳನ್ನು ಕರಗಿಸಿ ತೋಪು ಎರಕ ಹೊಯ್ಯುತ್ತಾರೆಂಬ ಸುದ್ದಿ ಹಬ್ಬಿದಾಗ, ಪೂಯ್ಗಾರ್‌ನವರು ತಮ್ಮ ಗಂಟೆಯನ್ನು ನಂಬಿಕೆಯ ಮೇಲೆ ವೆರ್ನೂಲ್‌ನವರ ಕೊಳದಲ್ಲಿ ಮುಳುಗಿಸಿ ಬಂದಿದ್ದರು. ಗಲಾಟೆ ತಣ್ಣಗಾದ ಮೇಲೆ ಕೇಳಲು ಹೋದರೆ "ಯಾವ ಗಂಟೆ?" ಎಂಬ ಉತ್ತರ ಬಂತು. ಆ ಗಂಟೆ ಈಗಲೂ ವೆರ್ನೂಲ್‌ನ ಗೋಪುರದಲ್ಲೇ ಹೊಡೆಯುತ್ತದೆ. ಅದು ಹನ್ನೆರಡು ಹೊಡೆದ ಕೂಡಲೇ ಪೂಯ್ಗಾರ್‌ನಲ್ಲಿ ಯಾರೂ ಊಟಕ್ಕೆ ಕೂರುವುದಿಲ್ಲ. ಹಸಿವಾಗಿದ್ದರೂ ಸ್ವಲ್ಪ ತಡೆದು ಕೂರುತ್ತಾರೆ.

ಒನೊರೆ ಕಾರು ತೆಗೆಯಲಿಲ್ಲ. ಊರಿನವರಿಗೆಲ್ಲ ಅದರ ಕೆಮ್ಮಿನ ಗುರುತಿತ್ತು. ಸೈಕಲ್ ಹತ್ತಿ, ದ್ರಾಕ್ಷಿ ತೋಟಗಳ ನಡುವಿನ ಕಾಲುದಾರಿ ಹಿಡಿದು ಇಳಿದ. ವೆರ್ನೂಲ್‌ನ ಬೇಕರಿಯಲ್ಲಿ ಟೋಪಿಯನ್ನು ಹುಬ್ಬಿನವರೆಗೂ ಎಳೆದುಕೊಂಡು ನಿಂತ. ಒಲೆಯಿಂದ ಬರುತ್ತಿದ್ದ ಪರಿಮಳವನ್ನು ಎರಡೆರಡು ಸಲ ಮೂಗಿಗೆ ಎಳೆದುಕೊಂಡ.

ಅಂಗಡಿಯಾಕೆ ಕಣ್ಣು ಕಿರಿದು ಮಾಡಿ ಕೇಳಿದಳು, "ಮೇಲಿನ ಊರಿನವರಾ?"

"ಬೆಲ್ಜಿಯಂನವನು," ಎಂದ ಒನೊರೆ. "ಪ್ರವಾಸಕ್ಕೆ ಬಂದಿದೀನಿ."

"ಈ ಕಡೆಯ ಮಾತು ಚೆನ್ನಾಗೇ ಕಲಿತಿದೀರಿ."

"ಊರು ನೋಡ್ತಾ ನೋಡ್ತಾ ಬಂದ್ಬಿಡ್ತು," ಎಂದವನೇ ಬ್ರೆಡ್ಡು ಹಿಡಿದು ಹೊರಬಿದ್ದ.

ಆಮೇಲೆ ಶುರುವಾಯಿತು ಪೇಚಾಟ. ಮೊಳಕ್ಕೂ ಉದ್ದದ ಬ್ರೆಡ್ಡು. ಚೀಲಕ್ಕೆ ಹಾಕಿದರೆ ಅರ್ಧ ಹೊರಗೆ ಇಣುಕುತ್ತದೆ. ಎರಡು ತುಂಡು ಮಾಡೋಣವೆಂದರೆ, ಮುರಿದ ಬ್ರೆಡ್ಡು ಕೊಟ್ಟರೆ ಸೊಲಾಂಜ್ ಅವನನ್ನೇ ಮುರಿದಾಳು. ಕೊನೆಗೆ ಒನೊರೆ ಅದನ್ನು ಕೋಟಿನೊಳಗೆ ಬೆನ್ನಿಗೆ ಸಿಕ್ಕಿಸಿಕೊಂಡ. ಒಂದು ತುದಿ ಸೊಂಟದ ಬೆಲ್ಟಿಗೆ ಸೇರಿತು, ಇನ್ನೊಂದು ತುದಿ ಕುತ್ತಿಗೆಯ ಹಿಂದೆ ನಿಂತಿತು. ಬಿಸಿ ಬಿಸಿ ಬ್ರೆಡ್ಡು, ಬೆನ್ನಿಗೆ ಹಿತವಾಗಿಯೇ ಇತ್ತು. ಆದರೆ ಬಾಗುವ ಹಾಗಿಲ್ಲ, ತಿರುಗುವ ಹಾಗಿಲ್ಲ. ಯುದ್ಧ ಸ್ಮಾರಕದ ಮೇಲಿನ ಕಲ್ಲು ಸಿಪಾಯಿ ಕೆಳಗಿಳಿದು ಸೈಕಲ್ ತುಳಿದರೆ ಹೇಗೋ ಹಾಗೆ, ಒನೊರೆ ನೆಟ್ಟಗೆ ಕೂತು ಗುಡ್ಡ ಹತ್ತಿದ.

ಊರ ಚೌಕದ ಮೂಲೆಯಲ್ಲೇ ಪಕ್ಕದ ಮನೆಯ ಲ್ಯೂಸೆತ್ ಎದುರಾದಳು. ಆಕೆಗೆ ಗಂಡನಿರಲಿಲ್ಲ, ಟಿವಿಯೂ ಇರಲಿಲ್ಲ. ಊರಿನವರೇ ಆಕೆಗೆ ಎರಡೂ ಆಗಿದ್ದರು. ಆಕೆಯ ನಾಯಿ ಪೊಂಪೊಂ ನೇರವಾಗಿ ಒನೊರೆಯ ಬೆನ್ನ ಹಿಂದೆ ಹೋಗಿ ಕೂತು, ಭಕ್ತಿಯಿಂದ ಮೇಲೆ ನೋಡತೊಡಗಿತು.

"ಏನಾಯ್ತು ಒನೊರೆ? ಬಂದೂಕಿನ ನಳಿಗೆ ನುಂಗಿದ ಹಾಗೆ ನಿಂತಿದೀಯಲ್ಲ?"

"ಬೆನ್ನು ಹಿಡ್ಕೊಂಡಿದೆ ಲ್ಯೂಸೆತ್. ಏನಿಲ್ಲ. ಮನೆಗೆ ಹೋಗಿ ಮಲಗಿದ್ರೆ ಸರಿಹೋಗುತ್ತೆ."

"ಮಲಗಿದ್ರೆ ಮುಗೀತು. ನಮ್ಮೆಜಮಾನ್ರು ಹಾಗೇ ಮಲಗಿದ್ದು, ಏಳಲೇ ಇಲ್ಲ," ಎಂದು ಲ್ಯೂಸೆತ್ ಅವನ ತೋಳು ಹಿಡಿದಳು. "ಅದೆಮಾರ್, ಸ್ವಲ್ಪ ಬಾ ಈ ಕಡೆ. ಒನೊರೆ ಬೆನ್ನು ಹೋಗಿದೆ."

ಕೆಫೆಯ ಮುಂದಿನ ಮರದಡಿ ಕೂತಿದ್ದ ಅದೆಮಾರ್ ಎದ್ದ. ಅವನು ಹಿಂದೆ ಮಾಂಸದಂಗಡಿ ಇಟ್ಟಿದ್ದವನು. ಕೈಗಳು ಇನ್ನೂ ಹಲಗೆಗಳಂತಿದ್ದವು. ಅಂಗಡಿ ಮುಚ್ಚಿದ ಮೇಲೆ ಊರಿನವರ ಉಳುಕು, ನೋವುಗಳಿಗೆಲ್ಲ ಅವನದೇ ಚಿಕಿತ್ಸೆ.

"ಹಂದಿ ಆದ್ರೇನು, ಮನುಷ್ಯ ಆದ್ರೇನು, ಬೆನ್ನೆಲುಬು ಒಂದೇ," ಎಂದು ಅಂಗಿಯ ತೋಳು ಮಡಿಚಿದ.

"ಬೇಡ ಅದೆಮಾರ್. ಆಗಲೇ ಸ್ವಲ್ಪ ಕಮ್ಮಿಯಾಗಿದೆ."

"ಎಲ್ಲ ರೋಗಿಗಳೂ ನನ್ನ ಮುಖ ನೋಡಿದ ತಕ್ಷಣ ಹಾಗೇ ಹೇಳ್ತಾರೆ."

ಒನೊರೆ ತಪ್ಪಿಸಿಕೊಳ್ಳಲು ನೋಡಿದ. ಆದರೆ ಬೆನ್ನಿಗೆ ಬ್ರೆಡ್ಡು ಕಟ್ಟಿಕೊಂಡವನು ಓಡುವುದಾದರೂ ಹೇಗೆ? ಅದೆಮಾರ್ ಹಿಂದಿನಿಂದ ಬಂದು, ಎರಡೂ ತೋಳಿನಿಂದ ಎದೆಯನ್ನು ಬಳಸಿ, ಮೂಟೆಯಂತೆ ಎತ್ತಿ ಒಮ್ಮೆ ಅಮುಕಿದ.

ಕಟ ಕಟ ಕಟ, ಕರಕರ, ಪಟಾರ್.

ಲ್ಯೂಸೆತ್ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು. ಅದೆಮಾರನ ಮುಖ ಬಿಳುಚಿಕೊಂಡಿತು. ಅವನು ಒನೊರೆಯನ್ನು ಗಾಜಿನ ಹೂಜಿಯಂತೆ ಮೆಲ್ಲಗೆ ನೆಲಕ್ಕಿಳಿಸಿ ಪಿಸುಗುಟ್ಟಿದ, "ನನ್ನ ಆಯುಷ್ಯದಲ್ಲಿ ಇಷ್ಟು ಮೂಳೆ ಒಟ್ಟಿಗೆ ಸದ್ದು ಮಾಡಿದ್ದು ಕೇಳಿರ್ಲಿಲ್ಲ. ಒನೊರೆ, ಬದುಕಿದೀಯಾ? ಸ್ವಲ್ಪ ಬಗ್ಗು ನೋಡೋಣ."

ಒನೊರೆ ಬಗ್ಗಿದ. ಈಗ ಬಗ್ಗಲು ಯಾವ ಅಡ್ಡಿಯೂ ಇರಲಿಲ್ಲ. ಕೆಫೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅದೆಮಾರ್ ಗೆದ್ದ ಪೈಲ್ವಾನನಂತೆ ಎಲ್ಲರತ್ತ ತಲೆಬಾಗಿದ. ಆ ಸಂಭ್ರಮದ ನಡುವೆಯೇ ಒನೊರೆಯ ಕೋಟಿನ ಅಂಚಿನಿಂದ ಬ್ರೆಡ್ಡಿನ ಒಂದು ತುಂಡು ಕೆಳಗೆ ಬಿತ್ತು. ಪೊಂಪೊಂ ಅದನ್ನು ನೆಲ ಮುಟ್ಟಲು ಬಿಡಲಿಲ್ಲ. ಹಿಂದೆಯೇ ಇನ್ನೊಂದು ತುಂಡು ಬಿತ್ತು. ಉಳಿದದ್ದನ್ನು ನಾಯಿಯೇ ಕೋಟಿನೊಳಗೆ ಮೂತಿ ತೂರಿಸಿ ಎಳೆದು ಚೆಲ್ಲಿತು.

ಚಪ್ಪಾಳೆ ನಿಂತಿತು. ಹೊಂಬಣ್ಣದ ಹೊರಮೈ, ಒಳಗೆ ಹತ್ತಿಯಂಥ ತಿರುಳು. ಪೂಯ್ಗಾರ್‌ನಲ್ಲಿ ಹುಟ್ಟಿದ ಬ್ರೆಡ್ಡಲ್ಲ ಎಂಬುದು ಕುರುಡನಿಗೂ ಗೊತ್ತಾಗುವಂತಿತ್ತು.

ಮಾರ್ಸೂ ಒಲೆ ಆರಿಸಿ, ಮೈಮೇಲೆ ಹಿಟ್ಟು ಹೊತ್ತುಕೊಂಡೇ, ದಿನದಂತೆ ಕಾಫಿಗೆಂದು ಚೌಕಕ್ಕೆ ಬಂದದ್ದೂ ಆಗಲೇ. ಎಲ್ಲರ ಮುಖ ನೋಡಿದ. ನೆಲ ನೋಡಿದ. ಬಗ್ಗಿ ಒಂದು ತುಂಡನ್ನು ಎತ್ತಿಕೊಂಡ.

ಗದ್ದಲ ಕೇಳಿ ಪುರಸಭೆಯ ಮೆಟ್ಟಿಲಿಳಿದು ಬಂದ ಮೇಯರಮ್ಮನಿಗೆ ಪರಿಸ್ಥಿತಿ ಒಂದೇ ನೋಟಕ್ಕೆ ಅರ್ಥವಾಯಿತು. ಇಲ್ಲದಿದ್ದರೆ ಅಷ್ಟು ಸಲ ಚುನಾವಣೆ ಗೆಲ್ಲುತ್ತಿದ್ದಳೇ?

"ನೋಡಿ ಮಾರ್ಸೂ ಅವರೇ," ಎಂದಳು ನಗುತ್ತಾ. "ನಿಮ್ಮ ಬ್ರೆಡ್ಡು ಅಂದ್ರೆ ಜನಕ್ಕೆ ಎಷ್ಟು ಪ್ರೀತಿ. ಬೆನ್ನಿಗೆ ಕಟ್ಕೊಂಡು ಓಡಾಡ್ತಿದಾರೆ."

"ಹೌದು ಹೌದು, ನಿಮ್ಮದೇ," ಎಂದಳು ಲ್ಯೂಸೆತ್. ಅದನ್ನು ಸಾಬೀತು ಮಾಡಲು ನಾಯಿಯ ಬಾಯಿಗೆ ಸಿಗದ ತುಂಡೊಂದನ್ನು ಒನೊರೆಯ ಕಾಲರಿನಿಂದ ಕಿತ್ತು ಬಾಯಿಗಿಟ್ಟುಕೊಂಡಳು. ಅದೆಮಾರನೂ ತಿಂದ. ಮೇಯರಮ್ಮನೂ ಒಂದು ಚೂರು ಮುರಿದುಕೊಂಡಳು. ಲ್ಯೂಸೆತ್‌ಳ ಕಣ್ಣಂಚು ಒದ್ದೆಯಾಯಿತು.

ಮಾರ್ಸೂ ಕೂಡ ಅಗಿದು ನುಂಗಿದ. "ಇದು ನನ್ನದಲ್ಲ," ಎಂದ ಮೆಲ್ಲಗೆ. "ಇದು ವೆರ್ನೂಲ್‌ನದು."

ಒನೊರೆಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. "ಮಾರ್ಸೂ ಅವರೇ, ತಪ್ಪು ತಿಳ್ಕೋಬೇಡಿ. ಸೊಲಾಂಜ್‌ಗೆ ಹಲ್ಲು ನೋವು. ಇಲ್ಲದಿದ್ರೆ ನಿಮ್ಮ ಬ್ರೆಡ್ಡು ಬಿಟ್ಟು ನಾನು..."

"ಬೇಜಾರಿಲ್ಲ ಒನೊರೆ ಅವರೇ. ನಾನು ಕೆಲಸ ಕಲಿತದ್ದೇ ಆ ಬೇಕರೀಲಿ. ಆಮೇಲೆ ದೂರದ ಊರುಗಳಲ್ಲಿ, ಇಲ್ಲಿಗೆ ಬರೋವರೆಗೂ, ದಿನಾ ಇದನ್ನೇ ಮಾಡ್ತಿದ್ದೆ."

ಮೇಯರಮ್ಮ ಅಗಿಯುವುದನ್ನು ನಿಲ್ಲಿಸಿದಳು. "ಇದನ್ನ? ನೀವು ಮಾಡ್ತಿದ್ರಾ?"

"ಹೂಂ. ಇಲ್ಲಿಗೆ ಬಂದ ಮೊದಲ ದಿನ ಒಲೆ ಹೊಸದು, ಅಂದಾಜು ಸಿಗಲಿಲ್ಲ. ಒಲೆಗಿಟ್ಟ ಇಡೀ ಒಬ್ಬೆ ಸುಟ್ಟು ಇಟ್ಟಿಗೆ ಆಯ್ತು. ಮರ್ಯಾದೆ ಹೋಯ್ತು ಅಂತ ಗಂಟುಮೂಟೆ ಕಟ್ತಾ ಇದ್ದೆ. ಅಷ್ಟರಲ್ಲಿ ನೀವೇ ಬಂದು ಒಂದು ತುಂಡು ತಿಂದು, ಇಂಥ ಬ್ರೆಡ್ಡು ಜನ್ಮದಲ್ಲೇ ತಿಂದಿಲ್ಲ ಅಂದ್ರಿ. ಆಮೇಲೆ ಲ್ಯೂಸೆತ್ ಅಮ್ಮ ಹಾಗೇ ಅಂದ್ರು. ಅದೆಮಾರ್ ಅವರು ಎರಡು ತಗೊಂಡು ಹೋದ್ರು. ಓಹೋ, ಈ ಊರಿನ ರುಚಿಯೇ ಇದು ಅನ್ಕೊಂಡೆ." ಮಾರ್ಸೂ ಹಣೆಯ ಹಿಟ್ಟನ್ನು ಒರೆಸಿಕೊಂಡ. "ಅದನ್ನ ಮತ್ತೆ ಹಾಗೇ ತರೋಕೆ ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಒಳ್ಳೆ ಬ್ರೆಡ್ಡು ಮಾಡೋದು ಸುಲಭ. ನಿಮ್ಮ ಬ್ರೆಡ್ಡನ್ನ ಎರಡೆರಡು ಸಲ ಸುಡಬೇಕು."

ಅದೆಮಾರ್ ಕೆಮ್ಮಿದ. ಎಷ್ಟೋ ವರ್ಷ ಅಗಿದದ್ದೆಲ್ಲ ಜನರ ಕಣ್ಣ ಮುಂದೆ ಹಾದುಹೋಯಿತು.

"ಈಗ ಸಂಕೋಚ ಬಿಟ್ಟು ಹೇಳಿ," ಎಂದ ಮಾರ್ಸೂ. "ನಾಳೆಯಿಂದ ಇದನ್ನೇ ಮಾಡ್ಲಾ?"

ಒನೊರೆಯ ಎದೆ ಹಿಗ್ಗಿತು. ಬೆನ್ನು ನೋವು, ಬೆಲ್ಜಿಯಂ, ನಾಯಿಯ ಮೂತಿ, ಎಲ್ಲವೂ ಸಾರ್ಥಕವಾದಂತೆ ತೋರಿತು. ಅವನು ಹೂಂ ಎನ್ನಲು ಬಾಯಿ ತೆರೆದ.

ಅಷ್ಟರಲ್ಲಿ ಲ್ಯೂಸೆತ್ ಕೇಳಿದಳು, "ಅಂದ್ರೆ, ವೆರ್ನೂಲ್ ಬ್ರೆಡ್ಡು?"

ಆ ಹೆಸರು ಚೌಕದ ಮಧ್ಯೆ ತಣ್ಣೀರಿನಂತೆ ಬಿತ್ತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಪೂಯ್ಗಾರ್‌ನಲ್ಲಿ ಕೂತು ವೆರ್ನೂಲ್ ಬ್ರೆಡ್ಡು ತಿನ್ನೋದಾ?" ಎಂದ ಅದೆಮಾರ್, ಬಾಯಲ್ಲಿದ್ದ ವೆರ್ನೂಲ್ ಬ್ರೆಡ್ಡನ್ನು ಅವಸರವಾಗಿ ನುಂಗುತ್ತಾ. "ನಮ್ಮಪ್ಪ ಗೋರಿಯಿಂದ ಎದ್ದು ಬರ್ತಾನೆ."

"ಬಲವಂತ ಬೇಡ," ಎಂದಳು ಮೇಯರಮ್ಮ. "ವೆರ್ನೂಲ್‌ನವರ ಬ್ರೆಡ್ಡು ಬೇಕು ಅನ್ನೋರು ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ. ಒನೊರೆಯ ಬಲಗೈ ಮಾತ್ರ ತಾನಾಗಿಯೇ ಭುಜದವರೆಗೂ ಬಂತು. ಎಲ್ಲರೂ ಅವನತ್ತ ತಿರುಗಿದರು. ಅವನು ಅದೇ ಕೈಯಿಂದ ಕಿವಿ ತುರಿಸಿಕೊಂಡು ಕೆಳಗಿಳಿಸಿದ.

"ಕೈಯೂ ಹಿಡ್ಕೊಂಡಿದೆಯಾ?" ಎಂದು ಅದೆಮಾರ್ ತೋಳು ಮಡಿಚುತ್ತ ಒಂದು ಹೆಜ್ಜೆ ಮುಂದೆ ಬಂದ.

"ಇಲ್ಲಪ್ಪ, ಇಲ್ಲ. ಕೈ ಚೆನ್ನಾಗಿದೆ."

ಮಾರ್ಸೂ ಎಲ್ಲರ ಕೈ ಕುಲುಕಿದ. ಇಷ್ಟು ಮೆಚ್ಚುವ ಜನ ತನಗೆ ಇನ್ನೆಲ್ಲಿ ಸಿಗುತ್ತಾರೆ ಎಂದ. ಬೇಕರಿಗೆ ಓಡಿಹೋಗಿ ಅಂದಿನ ಒಬ್ಬೆಯಲ್ಲೇ ದೊಡ್ಡದಾದ ಬ್ರೆಡ್ಡೊಂದನ್ನು ತಂದು, ಒನೊರೆಯ ಕೈಗಿಟ್ಟು, ಎರಡೂ ಕೆನ್ನೆಗೆ ಮುತ್ತು ಕೊಟ್ಟ. "ಸೊಲಾಂಜ್ ಅಮ್ಮನಿಗೆ ಕೊಡಿ. ಹಲ್ಲು ಬೇಗ ವಾಸಿಯಾಗಲಿ."

ಮನೆಗೆ ಬಂದಾಗ ಸೊಲಾಂಜ್ ಮೇಜಿನ ಮೇಲೆ ಬೆಣ್ಣೆ, ಚೀಸು, ವೈನು ಎಲ್ಲ ಜೋಡಿಸಿ ಕಾಯುತ್ತಿದ್ದಳು. ಒನೊರೆ ಬ್ರೆಡ್ಡು ಇಟ್ಟ. ಮೇಜು ಒಮ್ಮೆ ನರಳಿತು. ಆಕೆ ಬ್ರೆಡ್ಡು ನೋಡಿದಳು, ಗಂಡನನ್ನು ನೋಡಿದಳು. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಒನೊರೆ ಕುರ್ಚಿಯಲ್ಲಿ ಕೂರಲು ಹೋಗಿ, ಅರ್ಧಕ್ಕೇ ನಿಂತು, "ಅಯ್ಯಯ್ಯೋ" ಎಂದ. ಅದೆಮಾರನ ಅಪ್ಪುಗೆಯಲ್ಲಿ ಸದ್ದು ಮಾಡಿದ್ದೆಲ್ಲ ಬ್ರೆಡ್ಡಾಗಿರಲಿಲ್ಲ. ಈಗ ಬೆನ್ನು ನಿಜವಾಗಿಯೂ ಹಿಡಿದುಕೊಂಡಿತ್ತು.

ನಡೆದದ್ದನ್ನೆಲ್ಲ ಕೇಳಿದ ಸೊಲಾಂಜ್, ಹಲ್ಲು ಮುರಿದ ಬಾಯಿ ಮುಚ್ಚಿಕೊಂಡು ಕಣ್ಣೀರು ಬರುವವರೆಗೂ ನಕ್ಕಳು. ಆಮೇಲೆ ತನ್ನ ಪಾಲಿಗೆ ಬಟ್ಟಲು ತುಂಬ ಸೂಪು ಕುಡಿದು, ಗಂಡನನ್ನು ಮಂಚದ ಮೇಲೆ ಬೋರಲು ಮಲಗಿಸಿದಳು. ಮಾರ್ಸೂನ ಬ್ರೆಡ್ಡನ್ನು ಒಲೆಯಲ್ಲಿಟ್ಟು ಚೆನ್ನಾಗಿ ಕಾಯಿಸಿ, ಟವೆಲಿನಲ್ಲಿ ಸುತ್ತಿ, ಅವನ ಸೊಂಟದ ಮೇಲಿಟ್ಟಳು.

"ಹೇಗಿದೆ?" ಎಂದಳು.

ಒನೊರೆ ಕಣ್ಣು ಮುಚ್ಚಿಕೊಂಡ. ಶಾಖ ನಿಧಾನವಾಗಿ ಮೂಳೆಗೆ ಇಳಿಯುತ್ತಿತ್ತು. ಸಂಜೆಯವರೆಗೂ ಅದು ಆರುವಂತೆ ಕಾಣಲಿಲ್ಲ.

"ನಾಳೆ ಎರಡು ತಗೊಂಡ್ ಬಾ," ಎಂದ.