ಭಾವನ ಮಂಡೆಗೆ ಎರಡು ಮಿಲಿಆಂಪ್

ನಮ್ಮ ಭಾವನವರು ಯಾರ ಮನೆಗೆ ಹೋದರೂ ಮೊದಲು ವಿಚಾರಿಸಿಕೊಳ್ಳುವುದು ಸ್ವಿಚ್‌ಬೋರ್ಡನ್ನು. ಮನೆಯವರ ಸರದಿ ಆಮೇಲೆ! ಅಬುಧಾಬಿಯ ಮುಸಫ್ಫಾದಲ್ಲಿ ಇಪ್ಪತ್ತೆರಡು ವರ್ಷ ಎಲೆಕ್ಟ್ರಿಕಲ್ ಫೋರ್‌ಮನ್ ಆಗಿದ್ದ ಇವರಿಗೆ, ತಾನು ಎಳೆಯದ ವಯರಿನಲ್ಲಿ ಬರುವ ಕರೆಂಟಿನ ಮೇಲೆ ನಂಬಿಕೆಯೇ ಇಲ್ಲ. ಹೆಣ್ಣು ನೋಡಲು ಬಂದವರು ಅಕ್ಕನಿಗಿಂತ ಮೊದಲು ನಮ್ಮ ಮೀಟರ್ ಬಾಕ್ಸ್ ನೋಡಿ, "ಅರ್ಥಿಂಗ್ ಸರಿ ಇಲ್ಲ" ಎಂದಿದ್ದರು. ಆದರೂ ಮದುವೆಗೆ ಒಪ್ಪಿದರು, ಅದೇ ಆಶ್ಚರ್ಯ!

ಇಂಥವರಿಗೆ ಒಂದು ದಿನ ಸ್ಟ್ರೋಕ್ ಆಗಿ ಬಲಗೈ ಸೋತುಹೋಯಿತು. ಕಾಲು ಸುಧಾರಿಸಿತು. ಮಾತಂತೂ ಮೊದಲಿಗಿಂತ ಜಾಸ್ತಿಯೇ ಆಯಿತು. ಕೈ ಮಾತ್ರ ಏಳಲಿಲ್ಲ. ಸ್ಕ್ರೂಡ್ರೈವರ್ ಹಿಡಿಯಲಾರದ ಫೋರ್‌ಮನ್ನನ್ನು ಕಂಪೆನಿ ಎಷ್ಟು ದಿನ ಇಟ್ಟುಕೊಂಡೀತು? ಕೆಲಸ ಹೋದರೆ ವೀಸಾನೂ ಖಲಾಸ್.

ದುಬೈಯ ಒಂದು ಕ್ಲಿನಿಕ್ಕಿನಲ್ಲಿ ಕೈಯ ವ್ಯಾಯಾಮದ ಜೊತೆ ತಲೆಗೆ ಸಣ್ಣ ಕರೆಂಟು ಕೊಡುತ್ತಾರೆಂದು ತಿಳಿಯಿತು. ನಮ್ಮ ಫ್ಲ್ಯಾಟು ಇದ್ದದ್ದೂ ದುಬೈಯಲ್ಲೇ, ಜುಮೇರಾ ಲೇಕ್ ಟವರ್ಸ್‌ನಲ್ಲಿ. ಭಾವನವರು ಮೂರು ವಾರಕ್ಕೆಂದು ಬಂದರು. ಬಂದ ಅರ್ಧ ಗಂಟೆಯಲ್ಲಿ ನಮ್ಮ ಇಸ್ತ್ರಿಪೆಟ್ಟಿಗೆಯನ್ನು ವಜಾ ಮಾಡಿದರು!

ಕ್ಲಿನಿಕ್ಕಿನ ಥೆರಪಿಸ್ಟ್ ಮಂಗಳೂರಿನ ಕೊಂಕಣಿ ಹುಡುಗಿ. ತಾಳ್ಮೆಯಿಂದ ವಿವರಿಸಿದಳು: "ಅಂಕಲ್, ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿದೆ. ಬಲಭಾಗ ಅದನ್ನು ಕೆಲಸ ಮಾಡಲಿಕ್ಕೇ ಬಿಡುವುದಿಲ್ಲ. ಈ ಕರೆಂಟಿನಿಂದ ಅಲ್ಲಿ ಬ್ರೇಕ್ ಹಾಕುವ ರಾಸಾಯನಿಕ ಸ್ವಲ್ಪ ಕಡಿಮೆಯಾಗಬಹುದು. ಆಗಲೇ ವ್ಯಾಯಾಮ ಮಾಡಿದರೆ ಕಡಿದ ಸಂಪರ್ಕಗಳು ಪುನಃ ಗಟ್ಟಿಯಾದಾವು. ಗ್ಯಾರಂಟಿ ಇಲ್ಲ."

"ಮೂರು ಫೇಸಿನ ಲೋಡ್ ಎಲ್ಲ ಒಂದೇ ಫೇಸಿಗೆ ಬಿದ್ದಿದೆ ಅಂತ ಹೇಳಿ ಸಿಸ್ಟರ್! ಅದಕ್ಕೆ ಇಷ್ಟು ಉದ್ದ ಯಾಕೆ? ಎಷ್ಟು ಕರೆಂಟ್?"

"ಎರಡು ಮಿಲಿಆಂಪ್."

ಭಾವನವರಿಗೆ ಅವಮಾನವಾಯಿತು. "ಅದರಲ್ಲಿ ಟಾರ್ಚಿನ ಬಲ್ಬ್ ಸಹ ಹೊತ್ತುವುದಿಲ್ಲ. ನನ್ನ ಮಂಡೆ ಅದಕ್ಕಿಂತ ಕಡೆಯಾ?"

ಅವಳು ಉಪ್ಪುನೀರಿನಲ್ಲಿ ಅದ್ದಿದ ಸ್ಪಂಜುಗಳನ್ನು ತಲೆಗೆ ಕಟ್ಟುವಾಗ ಭಾವನವರು ನನ್ನ ಕಡೆ ತಿರುಗಿ, "ಇವಳು ನನ್ನನ್ನು ಉಪ್ಪಿನಕಾಯಿ ಹಾಕ್ತಾಳಾ ಎಂತ ಮಾರಾಯ?" ಎಂದರು. ಕರೆಂಟು ಹರಿದಾಗ ಚರ್ಮದ ಮೇಲೆ ಇರುವೆ ನಡೆದ ಹಾಗಾಯಿತಂತೆ.

ದಿನಾ ಸಂಜೆ ನನ್ನ ಮಗಳ ಪ್ರಶ್ನೆ: "ಮಾಮಾ, ಆರ್ ಯೂ ಫುಲ್ಲಿ ಚಾರ್ಜ್ಡ್?"

"ಮಾಫಿ! ಚಾರ್ಜೇ ಇಲ್ಲ, ಬ್ಯಾಟರಿ ಹಳತು."

ಎರಡನೇ ವಾರ ವ್ಯಾಯಾಮಕ್ಕೆಂದು ಕೊಟ್ಟ ಬಟ್ಟೆ ಕ್ಲಿಪ್ಪೊಂದನ್ನು ಒತ್ತಲು ಹೋಗಿ ಹತ್ತು ಸಲ ಸೋತರು. ಅದನ್ನು ಎಡಗೈಯಿಂದ ಎಸೆದು, "ಸಾಕು. ನನಗೆ ಊರಿಗೆ ಟಿಕೆಟ್ ಮಾಡು" ಎಂದರು. ತಮಾಷೆಯ ಸ್ವರ ಅದಾಗಿರಲಿಲ್ಲ. ಮರುದಿನ ನೋಡಿದರೆ ನನಗಿಂತ ಮೊದಲೇ ಬೂಟು ಹಾಕಿ ಕೂತಿದ್ದಾರೆ! "ಕೆಲಸ ಅರ್ಧಕ್ಕೆ ಬಿಟ್ಟವರಿಗೆಲ್ಲ ಎಷ್ಟು ಬೈದಿದ್ದೇನೆ, ಈಗ ನಾನೇ ಬಿಡುವುದಾ? ಯಲ್ಲಾ, ನಡಿ, ಗಾಡಿ ತೆಗಿ."

ಮೂರನೇ ವಾರದಲ್ಲಿ ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಮುಟ್ಟಿದವು. ಕ್ಲಿಪ್ಪು ಬಾಯಿ ಬಿಟ್ಟಿತು. ಇದು ಕರೆಂಟಿನ ಗುಣವೋ, ವ್ಯಾಯಾಮದ್ದೋ, ಭಾವನ ಹಟದ್ದೋ? ಕೇಳಿದ್ದಕ್ಕೆ ಆ ಹುಡುಗಿ ನಕ್ಕು, "ಬಿಡಿಸಿ ಹೇಳಲಿಕ್ಕಾಗುವುದಿಲ್ಲ" ಎಂದಳು. ಸ್ಕ್ರೂಡ್ರೈವರ್ ತಿರುಗಿಸುವಷ್ಟು ಬಲ ಬರಲಿಲ್ಲ. ಆದರೆ ಬೆರಳುಗಳ ನಡುವೆ ಪೆನ್ನು ನಿಂತಿತು. ಕಂಪೆನಿಯವರೂ ಒಳ್ಳೆಯವರು, ಬೇರೆಯವರ ವಯರಿಂಗ್ ಪರೀಕ್ಷಿಸಿ ಸಹಿ ಹಾಕುವ ಕೆಲಸ ಕೊಟ್ಟರು. ತಪ್ಪು ಹುಡುಕಲಿಕ್ಕೆ ಸಂಬಳ! ಭಾವನವರಿಗೆ ಇನ್ನೇನು ಬೇಕು?

ಕೊನೆಯ ಶುಕ್ರವಾರ ಅಬುಧಾಬಿ ಬಸ್ಸಿನಲ್ಲಿ ಅಕ್ಕ ಬಂದಳು. ಊಟಕ್ಕೆಂದು ಮೂವರೂ ಹೊರಟೆವು. ನಾಲ್ಕು ಜನರ ಎದುರು ಹೆಂಡತಿಯ ಪಕ್ಕ ನಡೆಯಲಿಕ್ಕೂ ನಾಚುವ ಮನುಷ್ಯ, ರಸ್ತೆ ದಾಟುವ ಸಿಗ್ನಲ್ ಹಸಿರಾದದ್ದೇ ಬಲಗೈ ಚಾಚಿ ಅಕ್ಕನ ಕೈ ಹಿಡಿದರು. ಅಕ್ಕ ಬೆಚ್ಚಿ ಅವರ ಮುಖ ನೋಡಿದಳು.

"ಎಂತ ನೋಡ್ತಿ? ಪ್ರಾಕ್ಟೀಸ್ ಮಾಡಬೇಕು ಅಂತ ಸಿಸ್ಟರ್ ಹೇಳಿದ್ದಾಳೆ."

ಮೂರು ವಾರವೂ ಪಕ್ಕದಲ್ಲೇ ಕೂತಿದ್ದವನು ನಾನು. ಆ ಹುಡುಗಿ ಹಾಗೆ ಹೇಳಿದ್ದು ನನಗಂತೂ ಕೇಳಿಸಿರಲಿಲ್ಲ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ರಸ್ತೆ ದಾಟಿಯಾದ ಮೇಲೂ ಭಾವನವರು ಕೈ ಬಿಡಲಿಲ್ಲ.